ಮುಂದಿನ ಗಾಡಿ ನೋಡಿ ತಾನೇ ವೇಗ ಇಳಿಸೋ ಕ್ರೂಸ್ ಕಂಟ್ರೋಲ್: ಒಳಗೆ ಏನ್ ನಡಿಯತ್ತೆ, ನಾವು ಹೇಗೆ ಬಳಸ್ಬೇಕು

ಕಾರಲ್ಲಿ ಅಡಾಪ್ಟಿವ್ ಕ್ರೂಸ್ ಇದ್ರೂ ಭಯಕ್ಕೆ ಆ ಬಟನ್ ಮುಟ್ಟದೇ ಇರೋರು ಒಂದ್ ಕಡೆ, ಒತ್ತಿದ ತಕ್ಷಣ ಕಾಲು ಮಡಚಿ ಕೂತು ಇನ್ನು ಎಲ್ಲಾ ಕಾರೇ ನೋಡ್ಕೊಳ್ಳತ್ತೆ ಅನ್ಕೊಳ್ಳೋರು ಇನ್ನೊಂದ್ ಕಡೆ, ಎರಡೂ ತರದವರನ್ನ ನೋಡಿದೀನಿ. ಇಬ್ಬರಿಗೂ ಗೊತ್ತಾಗ್ಬೇಕಿರೋದು ಒಂದೇ, ಕಾರಿನ ಮುಂಭಾಗದಲ್ಲಿ ರೇಡಿಯೋ ಅಲೆ ಬಿಟ್ಟು, ತಾಗಿ ವಾಪಸ್ ಬಂದಿದ್ದನ್ನ ಗಮನಿಸೋ ರೇಡಾರ್ ಅನ್ನೋ ಸಾಧನ ಏನನ್ನ ನೋಡತ್ತೆ, ಏನನ್ನ ನೋಡಿದ್ರೂ ಲೆಕ್ಕಕ್ಕೆ ತಗೊಳ್ಳಲ್ಲ ಅನ್ನೋದು. ಅದು ತಲೆಗೆ ಹೋದ್ರೆ ಯಾವಾಗ ನಂಬ್ಬೋದು, ಯಾವಾಗ ಕಾಲು ಬ್ರೇಕ್ ಹತ್ರ ಇಟ್ಕೊಂಡಿರ್ಬೇಕು ಅಂತ ನಿಮಗೇ ಗೊತ್ತಾಗತ್ತೆ.

ಹಳೇ ಕ್ರೂಸ್ ಕಂಟ್ರೋಲ್‌ಗೆ ಇದ್ದಿದ್ದು ಒಂದೇ ಕೆಲಸ, ನೀವು ಹೇಳಿದ ವೇಗ ಹಿಡಿದಿಡೋದು. ಅದನ್ನ ಕಂಡುಹಿಡಿದಿದ್ದು ರಾಲ್ಫ್ ಟೀಟರ್ ಅನ್ನೋ ಅಮೆರಿಕದ ಇಂಜಿನಿಯರ್, ಚಿಕ್ಕ ವಯಸ್ಸಲ್ಲೇ ದೃಷ್ಟಿ ಕಳ್ಕೊಂಡಿದ್ದ ಮನುಷ್ಯ, 1950ರಲ್ಲಿ ಪೇಟೆಂಟ್ ಸಿಕ್ಕು 1958ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಲ್ಲಿ ಬಂತು. ಮುಂದೆ ಗಾಡಿ ಇದೆಯೋ ಇಲ್ವೋ ಅದಕ್ಕೆ ಗೊತ್ತಿಲ್ಲ. 1995ರಲ್ಲಿ ಮಿತ್ಸುಬಿಶಿ ಡಯಮಾಂಟೆ ಲೇಸರ್ ಇಟ್ಕೊಂಡು ಮುಂದಿನ ಗಾಡಿ ದೂರ ಅಳಿಯೋಕೆ ಶುರು ಮಾಡ್ತು, ಆದ್ರೆ ಅದು ಬ್ರೇಕ್ ಹಾಕ್ತಿರ್ಲಿಲ್ಲ, ಆಕ್ಸಿಲರೇಟರ್ ಬಿಡೋದು ಗೇರ್ ಇಳಿಸೋದು ಅಷ್ಟೇ. 90ರ ದಶಕದ ಕೊನೆಗೆ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ರೇಡಾರ್ ಬಂತು, ಈಗ ನಾವು ಓಡಿಸೋ ಕಾರುಗಳಲ್ಲಿ ಇರೋದು ಹೆಚ್ಚುಕಮ್ಮಿ ಅದೇ ಕಲ್ಪನೆ. ಸುಬಾರು ಐಸೈಟ್ ತರ ಬರೀ ಕ್ಯಾಮೆರಾದಲ್ಲೇ ಈ ಕೆಲಸ ಮಾಡ್ಸಿರೋ ಕಾರುಗಳೂ ಇವೆ, ಇಲ್ಲಿ ಅದಕ್ಕೆ ಹೋಗಲ್ಲ.

ರೇಡಾರ್ ಎಲ್ಲಿದೆ ಅಂತ ಮೊದಲು ಹುಡುಕಿ. ಸಾಮಾನ್ಯವಾಗಿ ಗ್ರಿಲ್ ಮಧ್ಯ ಕಂಪನಿ ಲೋಗೋ ಹಿಂದೆ, ಇಲ್ಲಾಂದ್ರೆ ಬಂಪರ್ ಕೆಳಗಡೆ ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರತ್ತೆ. ಲೋಗೋ ಹಿಂದೆ ಇದ್ರೆ ಆ ಲೋಗೋ ನೋಡೋಕೆ ಲೋಹದ ತರ ಹೊಳೆದ್ರೂ ನಿಜವಾಗಿ ಪ್ಲಾಸ್ಟಿಕ್, ಯಾಕಂದ್ರೆ ದಪ್ಪ ಲೋಹ ಇದ್ರೆ ಅಲೆ ಆಚೆಗೆ ಹೋಗೋದೇ ಇಲ್ಲ. ಒಳಗಿಂದ ಬರೋದು ಸುಮಾರು 77 ಗಿಗಾಹರ್ಟ್ಸ್ ಅಲೆ, ಅಂದ್ರೆ ಸೆಕೆಂಡಿಗೆ 7,700 ಕೋಟಿ ಸಲ ಕಂಪಿಸೋ ಅಲೆ. ಅಲೆಯ ಉದ್ದ 4 ಮಿಲಿಮೀಟರ್‌ಗಿಂತ ಸ್ವಲ್ಪ ಕಮ್ಮಿ, ಅದಕ್ಕೇ ಆಂಟೆನಾ ಅಂಗೈಯಷ್ಟು ಡಬ್ಬಿಯೊಳಗೆ ಹಿಡಿಸತ್ತೆ.

ದೂರ ಅಳಿಯೋ ರೀತಿ ನನಗೆ ತುಂಬಾ ಇಷ್ಟ. ಟಪ್ ಅಂತ ಒಂದು ಸದ್ದು ಬಿಟ್ಟು ವಾಪಸ್ ಬರೋ ತನಕ ಗಡಿಯಾರ ನೋಡೋದಲ್ಲ ಇದು, ಅಲೆಗೆ 150 ಮೀಟರ್ ಹೋಗಿ ವಾಪಸ್ ಬರೋಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಸಾಕು, ಅಷ್ಟು ಚಿಕ್ಕ ಸಮಯಾನ ನೇರವಾಗಿ ಅಳಿಯೋದು ಕಷ್ಟ. ಬದಲಿಗೆ ಏನ್ ಮಾಡ್ತಾರೆ ಅಂದ್ರೆ, ಒಂದು ದೊಡ್ಡ ಬೆಟ್ಟದ ಎದುರು ನಿಂತು ನೀವು ಸ ಇಂದ ನಿ ತನಕ ಒಂದೇ ಸಮ ಸ್ವರ ಏರಿಸ್ತಾ ಹೋಗ್ತೀರಾ ಅನ್ಕೊಳ್ಳಿ, ನೀವು ಗ ಹಾಡೋ ಹೊತ್ತಿಗೆ ಬೆಟ್ಟದಿಂದ ನಿಮ್ಮದೇ ರಿ ವಾಪಸ್ ಕೇಳಿಸ್ತು ಅಂದ್ರೆ ಬೆಟ್ಟ ಹತ್ರ ಇದೆ, ಪ ಹಾಡೋವಾಗ ರಿ ಕೇಳಿಸ್ತು ಅಂದ್ರೆ ದೂರ ಇದೆ. ಈಗ ಹಾಡ್ತಿರೋ ಸ್ವರಕ್ಕೂ ವಾಪಸ್ ಬಂದ ಸ್ವರಕ್ಕೂ ಎಷ್ಟು ಅಂತರ ಅಂತ ನೋಡಿದ್ರೆ ದೂರ ಗೊತ್ತಾಯ್ತು. ರೇಡಾರ್ ಕೂಡ ತನ್ನ ಫ್ರೀಕ್ವೆನ್ಸಿನ, ಅಂದ್ರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸತ್ತೆ ಅನ್ನೋದನ್ನ, ಹೀಗೇ ಸರ್ರ್ ಅಂತ ಏರಿಸತ್ತೆ, ಮತ್ತೆ ಕೆಳಗಿಂದ ಶುರು ಮಾಡತ್ತೆ, ಪ್ರತಿ ಸಲನೂ ಬಿಟ್ಟಿದ್ದಕ್ಕೂ ಬಂದಿದ್ದಕ್ಕೂ ಇರೋ ವ್ಯತ್ಯಾಸ ನೋಡತ್ತೆ.

ವೇಗದ ವಿಷಯ ಇನ್ನೂ ಚೆನ್ನಾಗಿದೆ. ಆಂಬುಲೆನ್ಸ್ ಹತ್ರ ಬರ್ತಿರೋವಾಗ ಸೈರನ್ ಸ್ವರ ಜಾಸ್ತಿ ಕೀರಲಾಗಿ ಕೇಳಿ, ದಾಟಿ ಹೋದ ಮೇಲೆ ತಗ್ಗತ್ತಲ್ಲ, ಅದೇ ಡಾಪ್ಲರ್ ಪರಿಣಾಮ. ನಿಮಗೂ ಮುಂದಿನ ಗಾಡಿಗೂ ಗಂಟೆಗೆ 30 ಕಿಲೋಮೀಟರ್ ವ್ಯತ್ಯಾಸ ಇದ್ರೆ 77 ಗಿಗಾಹರ್ಟ್ಸ್ ಅಲೆ ವಾಪಸ್ ಬರೋವಾಗ ಸುಮಾರು 4,300 ಹರ್ಟ್ಸ್ ಬದಲಾಗಿರತ್ತೆ. 7,700 ಕೋಟಿಯಲ್ಲಿ 4,300 ಅಂದ್ರೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಆ ಚಿಪ್ ಅದನ್ನ ಆರಾಮಾಗಿ ಹಿಡಿಯತ್ತೆ. ಮನುಷ್ಯರ ಕಣ್ಣಿಗಿಂತ ರೇಡಾರ್ ಮುಂದಿರೋದು ಇಲ್ಲೇ, ಮುಂದಿನ ಗಾಡಿ ನಿಧಾನ ಆಗ್ತಿದೆ ಅಂತ ನಮಗೆ ಗೊತ್ತಾಗೋದು ಅದು ದೊಡ್ಡದಾಗಿ ಕಾಣೋಕೆ ಶುರುವಾದಾಗ, ಇಲ್ಲಾ ಬ್ರೇಕ್ ಲೈಟ್ ನೋಡಿದಾಗ. ರೇಡಾರ್‌ಗೆ ಲೈಟ್ ಬೇಕಿಲ್ಲ, ವೇಗದ ವ್ಯತ್ಯಾಸನ ಅದು ನೇರವಾಗಿ ಅಳಿಯತ್ತೆ, ಕತ್ತಲೆಯಲ್ಲೂ ಮಂಜಲ್ಲೂ.

ಎಡಕ್ಕಿದೆಯಾ ಬಲಕ್ಕಿದೆಯಾ ಅನ್ನೋದಕ್ಕೆ ಒಳಗೆ ಪಕ್ಕಪಕ್ಕ ಹಲವು ಆಂಟೆನಾ ಇರತ್ತೆ, ಒಂದೇ ಅಲೆ ಯಾವ ಆಂಟೆನಾಗೆ ಕೂದಲೆಳೆಯಷ್ಟು ಮೊದಲು ಬಂತು ಅನ್ನೋದ್ರಿಂದ ಕೋನ ಸಿಗತ್ತೆ. ಇಷ್ಟೆಲ್ಲಾ ಸೆಕೆಂಡಿಗೆ ಹತ್ತಾರು ಸಲ ನಡಿಯತ್ತೆ. ಆಮೇಲೆ ಈ ಪಟ್ಟಿಯಲ್ಲಿ ನನ್ನ ಲೇನಲ್ಲಿ ನನ್ನ ಮುಂದೆ ಇರೋದು ಯಾವ್ದು ಅಂತ ಆರಿಸ್ಬೇಕು, ಅದಕ್ಕೆ ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ಎಷ್ಟು ಹೊರಳ್ತಿದೆ ಅಂತ ನೋಡಿ ನೀವು ಹೋಗೋ ದಾರಿನ ಊಹೆ ಮಾಡತ್ತೆ, ಕ್ಯಾಮೆರಾ ಇದ್ರೆ ಲೇನ್ ಗೆರೆನೂ ನೋಡತ್ತೆ. ತಿರುವು ಶುರುವಾಗೋ ಜಾಗದಲ್ಲಿ ಈ ಊಹೆ ತಪ್ಪೋದು ಸಹಜ, ಯಾಕಂದ್ರೆ ಮುಂದಿನ ಗಾಡಿ ಆಗಲೇ ತಿರುಗಿರತ್ತೆ, ನೀವಿನ್ನೂ ನೇರ ಹೋಗ್ತಿರ್ತೀರಾ. ಪಕ್ಕದ ಲೇನ್ ಲಾರಿ ನೋಡಿ ಸುಮ್ಸುಮ್ನೆ ಬ್ರೇಕ್ ಹಾಕೋದು, ಇಲ್ಲಾ ಮುಂದಿನ ಗಾಡಿನೇ ಕೈತಪ್ಪಿ ವೇಗ ಏರಿಸೋದು, ಎರಡೂ ಅಲ್ಲಿ ಆಗತ್ತೆ.

ಈಗ ಅಂತರ. ಡ್ಯಾಶ್‌ಬೋರ್ಡಲ್ಲಿ ಮೂರೋ ನಾಲ್ಕೋ ಗೆರೆ ಕಾಣ್ಸತ್ತಲ್ಲ, ಅದು ಮೀಟರ್ ಲೆಕ್ಕ ಅಲ್ಲ, ಸೆಕೆಂಡ್ ಲೆಕ್ಕ. ಕಮ್ಮಿ ಗೆರೆ ಅಂದ್ರೆ ಸುಮಾರು 1 ಸೆಕೆಂಡ್, ಪೂರ್ತಿ ಗೆರೆ ಅಂದ್ರೆ 2 ಸೆಕೆಂಡಿನ ಆಸುಪಾಸು. ಗಂಟೆಗೆ 90 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 25 ಮೀಟರ್, ಹಾಗಾಗಿ 1 ಸೆಕೆಂಡಿಗೆ 25 ಮೀಟರ್ ಅಂತರ, 2 ಸೆಕೆಂಡಿಗೆ 50. ನಾನು ಯಾವಾಗ್ಲೂ ಪೂರ್ತಿ ಗೆರೆ ಇಟ್ಕೊಳ್ತೀನಿ, ನೀವೂ ಅದೇ ಇಡಿ, ಯಾರಾದ್ರೂ ಮಧ್ಯ ನುಗ್ತಾರೆ ಅಂತ ಅಂತರ ಕಮ್ಮಿ ಮಾಡ್ಬೇಡಿ. ನುಗ್ಗಿದ್ರೆ ಒಂದೆರಡು ಸೆಕೆಂಡ್ ಲೇಟ್ ಆಗತ್ತೆ, ಅಷ್ಟೇ. ಅಂದಹಾಗೆ ಹೀಗೆ ಯಾರಾದ್ರೂ ನುಗ್ಗಿದಾಗ ಕಾರು ಏನ್ ಮಾಡತ್ತೆ ಅಂತ ಗಮನಿಸಿ, 15 ಮೀಟರ್ ಮುಂದೆ ಬಂದು ಸೇರಿದವನು ನಿಮಗಿಂತ ಜೋರಾಗಿ ಹೋಗ್ತಿದ್ರೆ ಒಳ್ಳೇ ಸಿಸ್ಟಮ್ ಬ್ರೇಕ್ ಒತ್ತಲ್ಲ, ಬರೀ ಆಕ್ಸಿಲರೇಟರ್ ಸಡಿಲ ಬಿಡತ್ತೆ, ಯಾಕಂದ್ರೆ ಅಂತರ ಕಮ್ಮಿ ಇದ್ರೂ ತಾನಾಗೇ ಜಾಸ್ತಿ ಆಗ್ತಿದೆ ಅಂತ ಅದಕ್ಕೆ ಗೊತ್ತು. ಅದೇ ನಿಧಾನದ ಗಾಡಿ ನುಗ್ಗಿದ್ರೆ ತಕ್ಷಣ ಬ್ರೇಕ್ ಬೀಳತ್ತೆ.

ಆದ್ರೆ ಆ ಬ್ರೇಕಿಗೂ ಒಂದು ಮಿತಿ ಇದೆ. ಕ್ರೂಸ್ ಹಾಕೋ ಬ್ರೇಕು ನೀವು ಜೀವ ಉಳಿಸ್ಕೊಳ್ಳೋಕೆ ಒತ್ತೋ ಬ್ರೇಕಿನ ಅರ್ಧಕ್ಕಿಂತಲೂ ಕಮ್ಮಿ ಅಂತ ತಿಳ್ಕೊಳ್ಳಿ. ಒಣ ರಸ್ತೆಯಲ್ಲಿ ನೀವು ಪೂರ್ತಿ ಬ್ರೇಕ್ ಒತ್ತಿದ್ರೆ 90ರಿಂದ ನಿಲ್ಲೋಕೆ 40 ಮೀಟರ್ ಹತ್ರ ಸಾಕು, ಕ್ರೂಸ್ ಮೆಲ್ಲಗೆ ಹಾಕೋ ಬ್ರೇಕಲ್ಲಿ 90 ಮೀಟರ್ ಹತ್ರ ಬೇಕು. ಕಾರು ಕಿರುಚಿ ಕೆಂಪು ಲೈಟ್ ತೋರಿಸ್ತು ಅಂದ್ರೆ ನನ್ನ ಕೈಲಿ ಆಗ್ತಿಲ್ಲ, ನೀವು ಒತ್ತಿ ಅಂತ ಅದರ ಅರ್ಥ. ತುರ್ತು ಬ್ರೇಕ್ ಸಿಸ್ಟಮ್ ಬೇರೆ ಇರತ್ತೆ, ಅದು ಕೊನೇ ಗಳಿಗೆಯದ್ದು, ಅದನ್ನ ನಂಬ್ಕೊಂಡು ಕೂರ್ಬೇಡಿ.

ಈಗ ಇಷ್ಟು ಬರೆಯೋಕೆ ಕೂತಿದ್ದೇ ಯಾವ ಮಾತಿಗೋ ಅದು: ನಿಂತಿರೋ ಗಾಡಿ. ರಸ್ತೆ ತುಂಬಾ ನಿಂತಿರೋ ವಸ್ತುಗಳೇ, ಪಕ್ಕದ ಕಬ್ಬಿಣದ ತಡೆ, ಮೇಲಿನ ಬೋರ್ಡು, ಸೇತುವೆ, ಮ್ಯಾನ್‌ಹೋಲ್ ಮುಚ್ಚಳ. ಇವೆಲ್ಲಾ ರೇಡಾರ್‌ಗೆ ಚೆನ್ನಾಗೇ ಕಾಣತ್ತೆ, ಎಲ್ಲವೂ ನಿಮ್ಮ ವೇಗದಲ್ಲೇ ನಿಮ್ಮ ಕಡೆಗೆ ಬರ್ತಿರೋ ತರ ಕಾಣತ್ತೆ, ಆದ್ರೆ ತುಂಬಾ ರೇಡಾರ್‌ಗಳಿಗೆ ಎತ್ತರ ಸರಿಯಾಗಿ ಅಳಿಯೋಕೆ ಬರಲ್ಲ, ಮೇಲಿರೋ ಬೋರ್ಡಾ ರಸ್ತೆ ಮೇಲೆ ಕೆಟ್ಟು ನಿಂತಿರೋ ಲಾರಿನಾ ಅಂತ ಹೇಳೋಕೆ ಆಗಲ್ಲ. ಪ್ರತಿ ಬೋರ್ಡಿಗೂ ಬ್ರೇಕ್ ಹಾಕಿದ್ರೆ ಹಿಂದಿನವನು ಬಂದು ಗುದ್ದುತ್ತಾನೆ, ಅದಕ್ಕೇ ಜೋರಾಗಿ ಹೋಗೋವಾಗ ನಿಂತಿರೋ ವಸ್ತುಗಳನ್ನ ಲೆಕ್ಕದಿಂದ ಬಿಡೋ ತರ ಮಾಡಿರ್ತಾರೆ. ಮುಂದೆ ಚಲಿಸ್ತಿದ್ದ ಗಾಡಿ ನಿಮ್ಮ ಕಣ್ಣೆದುರೇ ನಿಂತ್ರೆ ತೊಂದರೆ ಇಲ್ಲ, ಅದನ್ನ ಆಗಲೇ ಗಾಡಿ ಅಂತ ಗುರುತಿಸಿರತ್ತೆ. ಮೊದಲಿಂದ್ಲೂ ನಿಂತೇ ಇದ್ದಿದ್ದು ಅಪಾಯ.

ಹೀಗೆ ನೆನೆಸ್ಕೊಳ್ಳಿ, 90ರಲ್ಲಿ ಒಂದು ವ್ಯಾನ್ ಹಿಂದೆ ಹೋಗ್ತಿದೀರಾ, 50 ಮೀಟರ್ ಅಂತರ ಇದೆ, ಎಲ್ಲಾ ಸರಿ ಇದೆ. ವ್ಯಾನ್ ಓಡಿಸೋನು ಲಾರಿ ನಿಂತಿರೋದನ್ನ ನೋಡಿ ಕೊನೇ ಕ್ಷಣಕ್ಕೆ ಸರಕ್ ಅಂತ ಪಕ್ಕಕ್ಕೆ ಎಳ್ಕೊಂಡ. ನಿಮ್ಮ ಕಾರಿಗೆ ಅನ್ಸೋದು ದಾರಿ ಖಾಲಿ ಆಯ್ತು ಅಂತ, ನೀವು ಸೆಟ್ ಮಾಡಿರೋದು 100 ಆಗಿದ್ರೆ ಅದು ಇನ್ನೂ ವೇಗ ಏರಿಸೋಕೆ ಹೋಗತ್ತೆ. ನೀವು ಬೆಚ್ಚಿಬಿದ್ದು ಕಾಲು ಇಡೋಕೆ 1 ಸೆಕೆಂಡ್ ತಗೊಂಡ್ರೆ 25 ಮೀಟರ್ ಹೋಯ್ತು, ಆಮೇಲೆ ಪೂರ್ತಿ ಬ್ರೇಕಿಗೆ 40, ಒಟ್ಟು 65. ಇರೋದು 50. ಹೊಸ ಕಾರುಗಳಲ್ಲಿ ಕ್ಯಾಮೆರಾನೂ ಸೇರಿ ಇದನ್ನ ಸುಮಾರು ಮಟ್ಟಿಗೆ ಹಿಡಿಯತ್ತೆ, ಆದ್ರೂ ಮ್ಯಾನ್ಯುಯಲ್ ತೆಗೆದು ನಿಂತಿರೋ ವಾಹನದ ಬಗ್ಗೆ ಏನ್ ಬರ್ದಿದ್ದಾರೆ ಅಂತ ಒಂದ್ಸಲ ಓದಿ. ಮುಂದಿನ ಗಾಡಿ ಎತ್ತರದ್ದಾಗಿದ್ದು ಅದರಾಚೆ ಏನೂ ಕಾಣ್ತಿಲ್ಲ ಅಂದ್ರೆ ನಾನು ಅದರ ಹಿಂದೆ ಕ್ರೂಸ್ ಹಾಕ್ಕೊಂಡು ಹೋಗಲ್ಲ, ಇನ್ನೂ ಹಿಂದೆ ಸರಿತೀನಿ, ಇಲ್ಲಾ ಲೇನ್ ಬದಲಾಯಿಸ್ತೀನಿ.

ಮೊದಲ ಸಲ ಬಳಸೋರು ಒಣಗಿರೋ, ನೇರವಾಗಿರೋ, ಎದುರಿಂದ ಗಾಡಿ ಬರದ ರಸ್ತೆಯಲ್ಲಿ ಟ್ರಾಫಿಕ್ ಕಮ್ಮಿ ಇರೋವಾಗ ಶುರು ಮಾಡಿ. ಬೇಕಾದ ವೇಗಕ್ಕೆ ನೀವೇ ಓಡಿಸ್ಕೊಂಡು ಬಂದು ಸೆಟ್ ಒತ್ತಿ, ಅಂತರ ಪೂರ್ತಿ ಇಡಿ, ಆಮೇಲೆ ಆಕ್ಸಿಲರೇಟರಿಂದ ಕಾಲು ಪೂರ್ತಿ ತೆಗೀರಿ. ಇದು ಮುಖ್ಯ, ಕಾಲು ಆಕ್ಸಿಲರೇಟರ್ ಮೇಲೆ ಸ್ವಲ್ಪ ಒತ್ಕೊಂಡಿದ್ರೂ ನೀವೇ ಓಡಿಸ್ತಿದೀರಾ ಅಂತ ತಿಳ್ಕೊಂಡು ಕ್ರೂಸ್ ಬ್ರೇಕ್ ಹಾಕಲ್ಲ. ಕಾಲು ಬ್ರೇಕ್ ಹತ್ರ ನೆಲಕ್ಕೆ ಇಟ್ಕೊಳ್ಳಿ. ಡ್ಯಾಶ್‌ಬೋರ್ಡಲ್ಲಿ ಮುಂದಿನ ಕಾರಿನ ಚಿತ್ರ ಬರೋದು ಹೋಗೋದು ಗಮನಿಸಿ, ಚಿತ್ರ ಬಂತು ಅಂದ್ರೆ ಹಿಡಿದಿದೆ, ಕಣ್ಣಿಗೆ ಗಾಡಿ ಕಾಣ್ತಿದ್ದೂ ಚಿತ್ರ ಬರ್ಲಿಲ್ಲ ಅಂದ್ರೆ ತಕ್ಷಣ ಬ್ರೇಕ್ ನಿಮ್ಮದು. ಬೈಕುಗಳ ವಿಷಯದಲ್ಲಿ ಇದು ಜಾಸ್ತಿ, ವಾಪಸ್ ಬರೋ ಅಲೆ ಕಮ್ಮಿ, ಮೇಲಾಗಿ ಲೇನ್ ಅಂಚಲ್ಲಿ ಹೋಗ್ತಿರ್ತಾರೆ.

ಮೊದಲು ಸೆಟ್ ಮಾಡಿದ್ದ ವೇಗಕ್ಕೆ ವಾಪಸ್ ಕರ್ಕೊಂಡು ಹೋಗೋ ರೆಸ್ಯೂಮ್ ಬಟನ್ ಒತ್ತೋ ಮುಂಚೆ ಹಳೇ ವೇಗ ಎಷ್ಟಿತ್ತು ಅಂತ ನೋಡಿ, ಹೆದ್ದಾರಿಯಲ್ಲಿ 100 ಇಟ್ಟಿದ್ದು ಮರೆತು ಸಣ್ಣ ರಸ್ತೆಯಲ್ಲಿ ಒತ್ತಿದ್ರೆ ಕಾರು ನೆಗೆಯತ್ತೆ. ಹೆದ್ದಾರಿಯಿಂದ ಇಳಿಯೋ ತಿರುವಿಗೆ ಬರೋ ಮುಂಚೆನೇ ಕ್ಯಾನ್ಸಲ್ ಮಾಡಿ, ಅಲ್ಲಿ ಮುಂದೆ ಗಾಡಿ ಇಲ್ಲ ಅಂತ ತಿರುವಲ್ಲೇ ವೇಗ ಏರಿಸೋ ಕಾರುಗಳಿವೆ. ಓವರ್‌ಟೇಕ್‌ಗೆ ಇಂಡಿಕೇಟರ್ ಹಾಕಿದ ತಕ್ಷಣ ಮುನ್ನುಗ್ಗೋ ಕಾರುಗಳೂ ಇವೆ. ಜನ, ಪ್ರಾಣಿಗಳು ಅಡ್ಡ ಬರೋ ರಸ್ತೆ, ಜೋರು ಮಳೆ, ಜಾರೋ ರಸ್ತೆ, ಇಲ್ಲೆಲ್ಲಾ ಬೇಡವೇ ಬೇಡ. ನಿಂತು ನಿಂತು ಹೋಗೋ ಟ್ರಾಫಿಕ್ಕಲ್ಲಿ ಕೆಲಸ ಮಾಡೋ ಸಿಸ್ಟಮ್ ಇದ್ರೆ ಅದು ದೊಡ್ಡ ಉಪಕಾರ, ಕಾಲು ನೋವೇ ಇಲ್ಲ, ಕೆಲವು ಸೆಕೆಂಡ್‌ಗಿಂತ ಜಾಸ್ತಿ ನಿಂತ್ರೆ ಸಾಮಾನ್ಯವಾಗಿ ಮತ್ತೆ ಬಟನ್ ಒತ್ಬೇಕು ಇಲ್ಲಾ ಆಕ್ಸಿಲರೇಟರ್ ಮುಟ್ಬೇಕು.

ಇನ್ನು ರಿಪೇರಿ. ನನ್ನ ಕಾರಿನ ಮುಂದಿನ ಬಂಪರ್ ಒಂದ್ಸಲ ಬದಲಾಯಿಸಿದ್ರು, ಬಣ್ಣ ಎಲ್ಲಾ ಚೆನ್ನಾಗಿ ಕೂತಿತ್ತು, ಆದ್ರೆ ಅದಾದ ಮೇಲೆ ನನ್ನ ಲೇನ್ ಖಾಲಿ ಇದ್ರೂ ಪಕ್ಕದ ಲೇನಲ್ಲಿ ಲಾರಿ ಬಂದ್ರೆ ಸಾಕು ಕಾರು ತಡವರಿಸಿ ಬ್ರೇಕ್ ಹಾಕ್ತಿತ್ತು, ಹಿಂದೆ ಮಕ್ಕಳು ಕೂತಿದ್ದಾಗ ಒಂದ್ಸಲ ಹೀಗಾಗಿ ಎದೆ ಧಸಕ್ ಅಂತು. ನೋಡಿದ್ರೆ ರೇಡಾರ್ ಕೂರೋ ಕ್ಲಾಂಪ್ ಸ್ವಲ್ಪ ವಾಲಿತ್ತು, ಕ್ಯಾಲಿಬ್ರೇಶನ್, ಅಂದ್ರೆ ರೇಡಾರ್ ಸರಿಯಾಗಿ ನೇರ ನೋಡೋ ತರ ಹೊಂದಿಸೋದು, ಮಾಡೇ ಇರ್ಲಿಲ್ಲ. 1 ಡಿಗ್ರಿ ವಾಲಿದ್ರೆ 100 ಮೀಟರ್ ದೂರದಲ್ಲಿ ಅದು 1.75 ಮೀಟರ್ ಪಕ್ಕಕ್ಕೆ ನೋಡತ್ತೆ, ಅಂದ್ರೆ ಅರ್ಧ ಲೇನ್. ಬಂಪರ್, ಗ್ರಿಲ್, ಲೋಗೋ, ಸಸ್ಪೆನ್ಷನ್ ಯಾವುದಕ್ಕೆ ಕೈ ಹಾಕಿದ್ರೂ ರೇಡಾರ್ ಕ್ಯಾಲಿಬ್ರೇಟ್ ಮಾಡಿದ್ರಾ ಅಂತ ಕೇಳಿ, ಮಾಡಿರೋದು ಬಿಲ್ಲಲ್ಲಿ ಬರ್ದಿದೆಯಾ ಅಂತ ನೋಡಿ. ಲೋಗೋ ಬದಲಿಗೆ ಚೆಂದ ಕಾಣ್ಲಿ ಅಂತ ಲೋಹದ್ದು ಹಾಕಿಸ್ಬೇಡಿ, ರೇಡಾರ್ ಎದುರು ಸ್ಟಿಕರ್ ಬೇಡ, ಬಂಪರ್ ಮೇಲೆ ದಪ್ಪ ಪೇಂಟ್ ಬೇಡ.

ಕೆಸರೋ ಹಿಮವೋ ಮುಚ್ಕೊಂಡ್ರೆ ರೇಡಾರ್ ಬ್ಲಾಕ್ ಆಗಿದೆ ಅಂತ ಮೆಸೇಜ್ ಬಂದು ಕ್ರೂಸ್ ಆಫ್ ಆಗತ್ತೆ, ಪಕ್ಕಕ್ಕೆ ನಿಲ್ಲಿಸಿ ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕೆಲವು ಕಾರುಗಳಲ್ಲಿ ಕ್ರೂಸ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ರೇಡಾರ್ ಇಲ್ಲದ ಹಳೇ ಕ್ರೂಸ್‌ಗೆ ಬದಲಾಗತ್ತೆ, ಅದು ಮುಂದಿನ ಗಾಡಿಗೆ ಬ್ರೇಕ್ ಹಾಕೋದೇ ಇಲ್ಲ. ಸೆಟ್ ಒತ್ತಿದ ಮೇಲೆ ಡ್ಯಾಶ್‌ಬೋರ್ಡಲ್ಲಿ ಅಂತರದ ಗೆರೆಗಳು ಕಾಣ್ತಿವೆಯಾ ನೋಡಿ, ಬರೀ ಸ್ಪೀಡೋಮೀಟರಿನ ಚಿತ್ರ ಮಾತ್ರ ಇದ್ರೆ ತಕ್ಷಣ ಕ್ಯಾನ್ಸಲ್ ಮಾಡಿ ಮತ್ತೆ ಹಾಕಿ.