‘ಸಿಕ್ಕಿಲ್ಲ’ ಅಂದಿದ್ದರು, ‘ಇಲ್ಲ’ ಅಂತ ಬರೆದೆ

2018ರ ಮೇ ತಿಂಗಳು. ಕೇರಳದ ಕೋಳಿಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ನಿಫಾ ಎಂಬ ಮಾರಕ ವೈರಸ್ ಸೋಂಕು ಕಾಣಿಸಿಕೊಂಡಿತ್ತು. ನಾನಾಗ ಮಂಗಳೂರಿನಲ್ಲಿ ವರದಿಗಾರ. ಇಲ್ಲೂ ಇಬ್ಬರ ಮೇಲೆ ಶಂಕೆ ಇತ್ತು, ಪರೀಕ್ಷೆಯಲ್ಲಿ ನೆಗೆಟಿವ್ ಬಂತು. ಆದರೂ ಬಾವಲಿ ಕಚ್ಚಿದ ಹಣ್ಣಿನಿಂದ ಸೋಂಕು ಬರುತ್ತದೆಂಬ ಭಯಕ್ಕೆ ನಮ್ಮ ಬೀದಿಯಲ್ಲಿ ಮಾವಿನಹಣ್ಣು ಕೊಳ್ಳುವವರಿರಲಿಲ್ಲ.

ಸೋಂಕು ಮೊದಲು ಕಂಡ ಕುಟುಂಬದ ಬಾವಿಯಲ್ಲಿ ಬಾವಲಿಗಳಿದ್ದವು. ಅವುಗಳ ಮಾದರಿ ಭೋಪಾಲ್‌ನ ಪ್ರಯೋಗಾಲಯಕ್ಕೆ ಹೋಯಿತು. ನಿಫಾ ಸಿಗಲಿಲ್ಲ. ಪರಿಚಯದ ವೈರಾಣು ತಜ್ಞೆಯೊಬ್ಬರಿಗೆ ಫೋನ್ ಮಾಡಿದೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಈ ಮಾದರಿಗಳಲ್ಲಿ ವೈರಸ್ ಸಿಕ್ಕಿಲ್ಲ. ನಾನು ಬರೆದದ್ದು: ‘ಬಾವಲಿಯಲ್ಲಿ ವೈರಸ್ ಇಲ್ಲ’. ಅದೂ ಉದ್ಧರಣ ಚಿಹ್ನೆಯೊಳಗೆ, ಅವರ ಹೆಸರಿನ ಜೊತೆಗೆ! ವರದಿ ತಿದ್ದಿ ತಲೆಬರಹ ಕೊಡುವ ಡೆಸ್ಕ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ನಿಫಾಗೆ ಬಾವಲಿ ಕಾರಣವಲ್ಲ’ ಅಂತ ತಲೆಬರಹ ಕೊಟ್ಟರು.

ಬೆಳಿಗ್ಗೆಯೇ ಆ ತಜ್ಞೆಯ ಫೋನ್ ಬಂತು. "ಬಾವಿಯಲ್ಲಿದ್ದದ್ದು ಹುಳ ತಿನ್ನುವ ಬಾವಲಿ. ನಿಫಾ ವಿಷಯದಲ್ಲಿ ನೋಡಬೇಕಾದದ್ದು ಹಣ್ಣು ತಿನ್ನುವ ದೊಡ್ಡ ಬಾವಲಿಯನ್ನು. ನೀವು ಬಾವಲಿ ಕುಲಕ್ಕೇ ಕ್ಲೀನ್ ಚಿಟ್ ಕೊಟ್ಟುಬಿಟ್ಟಿರಲ್ಲ!" ನನ್ನ ಬಳಿ ಉತ್ತರವಿರಲಿಲ್ಲ. ಯಾವ ಬಾವಲಿ ಅಂತ ನಾನು ಕೇಳಿಯೇ ಇರಲಿಲ್ಲ. ಮುಂದೆ ಹಣ್ಣು ತಿನ್ನುವ ಬಾವಲಿಗಳಲ್ಲಿ ಸಿಕ್ಕ ವೈರಸ್, ರೋಗಿಗಳಲ್ಲಿ ಸಿಕ್ಕಿದ್ದಕ್ಕೆ ಶೇ. 99.7ರಿಂದ 100ರಷ್ಟು ಹೊಂದಿತು.

ಒಂದು ವಿಷಯ ನಾವು ಮರೆಯುತ್ತೇವೆ. ವಿಜ್ಞಾನಿ ಮಾತಾಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಚಿಹ್ನೆಯೊಳಗಿನ ಕನ್ನಡ ನಮ್ಮದು, ಅವರದಲ್ಲ. ಕನ್ನಡದಲ್ಲಿ ಅನುಮಾನವೆಲ್ಲ ವಾಕ್ಯದ ಬಾಲದಲ್ಲಿರುತ್ತದೆ: ಇರಬಹುದು, ಇರಲಾರದು, ಸಿಕ್ಕಿಲ್ಲ. ತಲೆಬರಹಕ್ಕೆ ಜಾಗ ಸಾಲದಿದ್ದಾಗ ಮೊದಲು ಕತ್ತರಿ ಬೀಳುವುದು ಆ ಬಾಲಕ್ಕೇ.

ಆಮೇಲೆ ನಾನು ಬರೆದ ಕನ್ನಡ ವಾಕ್ಯವನ್ನೇ ಆಯಾ ವಿಜ್ಞಾನಿಗೆ ಫೋನಿನಲ್ಲಿ ಓದಿ ಹೇಳತೊಡಗಿದೆ. ಪೂರ್ತಿ ವರದಿ ಅಲ್ಲ, ಅವರ ಮಾತು ಮಾತ್ರ. ಕೆಲವರಿಗೆ ಕನ್ನಡ ಬಾರದು, ಆಗ ಅದನ್ನೇ ತಿರುಗಿ ಇಂಗ್ಲಿಷಿಗೆ ತಂದು ಹೇಳುತ್ತೇನೆ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಡೆಸ್ಕ್‌ನಿಂದ ಬೈಗುಳವೂ ಬರುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಬಿಡುವುದಿಲ್ಲ: "ಇದು ನೀವೇ ಪರೀಕ್ಷೆ ಮಾಡಿದ್ದಾ, ಓದಿ ಹೇಳ್ತಿರೋದಾ?" ಎರಡೂ ಸರಿಯೇ, ಆದರೆ ಓದುಗರಿಗೆ ಅದು ಗೊತ್ತಾಗಬೇಕು ಅಲ್ವಾ? ಸುಮ್ನೆ ‘ತಜ್ಞರು ಹೇಳಿದ್ದಾರೆ’ ಅಂತ ಬರೆಯುವುದನ್ನಂತೂ ಬಿಟ್ಟೇಬಿಟ್ಟೆ.

2019ರ ಜೂನ್‌ನಲ್ಲಿ ಎರ್ನಾಕುಲಂನ ವಿದ್ಯಾರ್ಥಿಯೊಬ್ಬನಿಗೆ ನಿಫಾ ಖಚಿತವಾಯಿತು. ಅದೇ ಮೇಡಂಗೆ ಫೋನ್ ಮಾಡಿದೆ. ಹಲೋ ಅನ್ನುವ ಮೊದಲೇ ಕೇಳಿದರು: "ಈ ಸಲ ಓದಿ ಹೇಳ್ತೀರಿ ತಾನೇ?"