25 ದಾಟಿದ ಮೇಲೆ ದಿಢೀರನೆ ಬರುವ ಮೊಡವೆ: ಕಾರಣ ಹುಡುಕುವುದು, ಚಿಕಿತ್ಸೆ ಆರಿಸುವುದು

ಹದಿಹರೆಯದಲ್ಲಿ ಮೊಡವೆಯ ತಂಟೆಯೇ ಇಲ್ಲದವರಿಗೂ 28ಕ್ಕೋ 35ಕ್ಕೋ ಗದ್ದದ ಸುತ್ತ ನೋವಿನ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗುವುದುಂಟು. 25 ದಾಟಿದ ಮೇಲೆ ಬರುವ ಇಂಥ ಮೊಡವೆಯನ್ನು ವೈದ್ಯರು ವಯಸ್ಕರ ಮೊಡವೆ ಎಂದೇ ಗುರುತಿಸುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಗಾಬರಿಯಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಹೊಸದೊಂದು ಕ್ರೀಮ್ ತಂದು ಹಚ್ಚುವುದು, ವಾರದೊಳಗೆ ಗುಣ ಕಾಣದಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ತರುವುದು. ನಾನೂ ಹಾಗೆಯೇ ಮೂರು ವಾರಗಳಲ್ಲಿ ನಾಲ್ಕು ಬಗೆಯ ಕ್ರೀಮ್ ಹಚ್ಚಿ, ಕೊನೆಗೆ ಬರಿಯ ನೀರು ತಾಗಿದರೂ ಕೆನ್ನೆ ಉರಿಯುವ ಸ್ಥಿತಿ ತಂದುಕೊಂಡಿದ್ದೆ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು, ಹಿಂದಿನ ಮೂರು ತಿಂಗಳಲ್ಲಿ ಏನೇನು ಬದಲಾಯಿತು ಎಂಬುದನ್ನು ಕಾಗದ ಹಿಡಿದು ಕುಳಿತು ಬರೆದುಕೊಳ್ಳಬೇಕು ಎಂಬುದೇ ನನ್ನ ಮೊದಲ ಸಲಹೆ.

ಮೂರು ತಿಂಗಳು ಏಕೆ ಎಂಬುದಕ್ಕೆ ಉತ್ತರ ಮೊಡವೆ ಹುಟ್ಟುವ ಬಗೆಯಲ್ಲೇ ಇದೆ. ಕೂದಲಿನ ಬುಡದ ಕೂಪದಿಂದ ಉದುರಿಹೋಗಬೇಕಾದ ಸತ್ತ ಜೀವಕೋಶಗಳು ಜಿಡ್ಡಿನೊಂದಿಗೆ ಬೆರೆತು ಅಲ್ಲೇ ಅಂಟಿಕೊಂಡಾಗ ಕೂಪದ ಬಾಯಿ ಕಟ್ಟುತ್ತದೆ. ಒಳಗೆ ಜಿಡ್ಡು ತುಂಬುತ್ತದೆ, ಚರ್ಮದಲ್ಲಿ ಸದಾ ಇರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಅಲ್ಲಿ ಹೆಚ್ಚುತ್ತದೆ, ಉರಿಯೂತ ಕೆರಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಅಡಚಣೆ ಕೆಂಪು ಗುಳ್ಳೆಯಾಗಿ ಮೇಲೇಳಲು ಹಲವು ವಾರ ಹಿಡಿಯಬಹುದು. ಹೀಗಿರುವಾಗ ನಿನ್ನೆ ತಿಂದದ್ದನ್ನು ಇಂದಿನ ಮೊಡವೆಗೆ ಹೊಣೆ ಮಾಡುವುದಕ್ಕಿಂತ ಎರಡು ತಿಂಗಳ ಹಿಂದೆ ಶುರು ಮಾಡಿದ ಮಾತ್ರೆಯನ್ನು ಅನುಮಾನಿಸುವುದೇ ಸರಿ.

ಪಟ್ಟಿಯಲ್ಲಿ ಔಷಧಗಳಿಗೆ ಮೊದಲ ಸ್ಥಾನ ಕೊಡಿ. ನುಂಗುವ ಅಥವಾ ಹಚ್ಚುವ ಸ್ಟೆರಾಯ್ಡ್, ಮನೋರೋಗಕ್ಕೆ ಕೊಡುವ ಲಿಥಿಯಂ, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಹೆಚ್ಚಿನ ಪ್ರಮಾಣದ ವಿಟಮಿನ್ ಬಿ12, ಮೈಕಟ್ಟು ಬೆಳೆಸಲೆಂದು ತೆಗೆದುಕೊಳ್ಳುವ ಅನಬಾಲಿಕ್ ಸ್ಟೆರಾಯ್ಡ್ ಇವೆಲ್ಲವೂ ಮೊಡವೆಯನ್ನೋ ಮೊಡವೆಯಂಥ ಗುಳ್ಳೆಯನ್ನೋ ತರಬಲ್ಲವು. ಎರಡು ಹಾರ್ಮೋನುಗಳಿರುವ ಗರ್ಭನಿರೋಧಕ ಮಾತ್ರೆಯನ್ನು ನಿಲ್ಲಿಸಿದ ಕೆಲವು ತಿಂಗಳಲ್ಲಿ, ಅಥವಾ ಪ್ರೊಜೆಸ್ಟೋಜೆನ್ ಎಂಬ ಹಾರ್ಮೋನ್ ಒಂದೇ ಇರುವ ಗರ್ಭನಿರೋಧಕ ಸಾಧನವನ್ನು ಅಳವಡಿಸಿಕೊಂಡ ಮೇಲೆ ಮೊಡವೆ ಏಳುವುದೂ ಸಾಮಾನ್ಯ. ಇವುಗಳಲ್ಲಿ ಯಾವುದನ್ನೇ ಆಗಲಿ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಶುರುವಾದ ದಿನಾಂಕವನ್ನು ಬರೆದಿಟ್ಟುಕೊಂಡರೆ ಸಾಕು. ಬಳಿಕ ಹೊಸ ಸನ್‌ಸ್ಕ್ರೀನ್, ಮೇಕಪ್, ತಲೆಗೆ ಹಚ್ಚುವ ಎಣ್ಣೆ, ಗದ್ದಕ್ಕೆ ಒತ್ತುವ ಹೆಲ್ಮೆಟ್ಟಿನ ಪಟ್ಟಿ, ಮಾಸ್ಕ್, ವ್ಹೇ ಪ್ರೋಟೀನ್ ಪುಡಿ ಇವನ್ನೂ ಸೇರಿಸಿ. ಹಣೆಯ ಕೂದಲಂಚಿನಲ್ಲಷ್ಟೇ ಸಾಲುಗಟ್ಟಿದ ಸಣ್ಣ ಗುಳ್ಳೆಗಳಿದ್ದರೆ ತಲೆಯ ಎಣ್ಣೆಯ ಮೇಲೆಯೇ ಅನುಮಾನ ಪಡಬೇಕು. ಆಹಾರದ ವಿಷಯದಲ್ಲಿ, ರಕ್ತದ ಸಕ್ಕರೆಯನ್ನು ಬೇಗ ಏರಿಸುವ ತಿನಿಸುಗಳಿಗೂ ಮೊಡವೆಗೂ ನಂಟಿರುವ ಸೂಚನೆಗಳಿವೆಯಾದರೂ, ಪಥ್ಯವೊಂದರಿಂದಲೇ ವಾಸಿಯಾಗುತ್ತದೆಂದು ಕಾಯುತ್ತ ಕೂರುವುದು ಸರಿಯಲ್ಲ.

ಎರಡನೆಯ ಹೆಜ್ಜೆ, ಬಂದಿರುವುದು ನಿಜವಾಗಿಯೂ ಮೊಡವೆಯೇ ಎಂದು ನೋಡುವುದು. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನಿಂತು, ಎರಡು ಬೆರಳಿನಿಂದ ಕೆನ್ನೆಯ ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ ಕನ್ನಡಿಯಲ್ಲಿ ನೋಡಿ. ಕೆಂಪು ಗುಳ್ಳೆಗಳ ನಡುವೆ ರವೆಯ ಕಾಳಿನಂಥ ಬಿಳಿ ಉಬ್ಬುಗಳೋ ಕಪ್ಪು ಚುಕ್ಕೆಗಳೋ, ಅಂದರೆ ವೈಟ್‌ಹೆಡ್ ಮತ್ತು ಬ್ಲ್ಯಾಕ್‌ಹೆಡ್‌ಗಳು ಕಂಡರೆ ಅದು ಮೊಡವೆಯೇ ಆಗಿರುವ ಸಂಭವ ಹೆಚ್ಚು. ಅವು ಒಂದೂ ಇಲ್ಲದೆ, ಕೆನ್ನೆ ಮೂಗು ಆಗಾಗ ಬಿಸಿಯಾಗಿ ಕೆಂಪೇರುತ್ತಿದ್ದರೆ ರೊಸೇಶಿಯಾ ಎಂಬ ಬೇರೊಂದು ಚರ್ಮರೋಗ ಇರಬಹುದು. ಹಣೆ, ಎದೆ, ಬೆನ್ನಿನ ಮೇಲೆ ಎಲ್ಲವೂ ಒಂದೇ ಅಳತೆಯ ಗುಳ್ಳೆಗಳಾಗಿದ್ದು ತುರಿಸುತ್ತಿದ್ದರೆ ಅದು ಮಲಸೇಜಿಯಾ ಎಂಬ ಶಿಲೀಂಧ್ರದಿಂದ ಬಂದ ಕೂಪದ ಉರಿಯೂತವಾಗಿರಬಹುದು. ಅದಕ್ಕೆ ಶಿಲೀಂಧ್ರನಾಶಕ ಬೇಕು, ಆಂಟಿಬಯೋಟಿಕ್ ಕೊಟ್ಟರೆ ಉಲ್ಬಣಿಸುತ್ತದೆ. ತುಟಿಯ ಸುತ್ತ ಅಂಚೊಂದನ್ನು ಬಿಟ್ಟು ಏಳುವ ಸಣ್ಣ ಕೆಂಪು ದದ್ದು ಹಲವು ಬಾರಿ ಸ್ಟೆರಾಯ್ಡ್ ಕ್ರೀಮಿನ ಫಲ. ಬಣ್ಣ ತಿಳಿಯಾಗಿಸುತ್ತದೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್ ಎಂಬ ಸ್ಟೆರಾಯ್ಡ್‌ಗಳಿರುತ್ತವೆ. ಮೊದಮೊದಲು ಮುಖ ನುಣುಪಾಗಿ ಕಂಡು, ನಿಲ್ಲಿಸಿದ ಕೂಡಲೇ ಗುಳ್ಳೆ ಮತ್ತು ಉರಿ ಒಟ್ಟಿಗೆ ಕೆರಳುತ್ತವೆ. ನಿಮ್ಮ ಕಥೆ ಹೀಗಿದ್ದರೆ ಮನೆಯ ಪ್ರಯೋಗ ಬಿಟ್ಟು ಆ ಟ್ಯೂಬಿನೊಂದಿಗೇ ಚರ್ಮವೈದ್ಯರ ಬಳಿಗೆ ಹೋಗುವುದು ಒಳ್ಳೆಯದು.

ಸಾಮಾನ್ಯ ಮೊಡವೆಯೇ ಎಂದು ತೋರಿದರೆ, ಮೊದಲ ಎರಡು ವಾರ ಹಚ್ಚುವುದಕ್ಕಿಂತ ಬಿಡುವುದೇ ಹೆಚ್ಚಾಗಿರಲಿ. ಹರಳಿನಂಥ ಸ್ಕ್ರಬ್, ಸ್ಪಿರಿಟ್ ಇರುವ ಟೋನರ್, ನಿಂಬೆರಸ, ಟೂತ್‌ಪೇಸ್ಟ್ ಇವೆಲ್ಲವೂ ಚರ್ಮದ ಮೇಲ್ಪದರವನ್ನು ಕೆಡಿಸುತ್ತವೆಯೇ ಹೊರತು ಕಟ್ಟಿದ ಕೂಪವನ್ನು ಬಿಡಿಸುವುದಿಲ್ಲ. ದಿನಕ್ಕೆ ಎರಡು ಬಾರಿ ಸೌಮ್ಯವಾದ ಕ್ಲೆನ್ಸರ್‌ನಿಂದ ಮುಖ ತೊಳೆದು, ನಾನ್ ಕಾಮೆಡೊಜೆನಿಕ್ (ಕೂಪದ ಬಾಯಿ ಕಟ್ಟಿಸದ್ದು) ಎಂದು ನಮೂದಿಸಿರುವ ಮಾಯಿಶ್ಚರೈಸರ್ ಹಚ್ಚಿ, ಹಗಲಿನಲ್ಲಿ ಸನ್‌ಸ್ಕ್ರೀನ್ ಬಳಸಿದರೆ ಸಾಕು. ಮುಖ ಜಿಡ್ಡಾಗಿದೆಯೆಂದು ಮಾಯಿಶ್ಚರೈಸರ್ ಬಿಡುವುದು ತಪ್ಪು, ಏಕೆಂದರೆ ಮುಂದೆ ಹಚ್ಚುವ ಔಷಧಗಳು ಚರ್ಮವನ್ನು ಒಣಗಿಸುವಂಥವೇ.

ಗಂಟುಗಳಿಲ್ಲದ ಸೌಮ್ಯ ಮೊಡವೆಗೆ ಮನೆಯಲ್ಲಿ ಆರಂಭಿಸಬಹುದಾದವು ಮುಖ್ಯವಾಗಿ ಎರಡು. ಒಂದು, 0.1 ಶೇಕಡಾದ ಅಡಾಪಲೀನ್ ಜೆಲ್. ಇದು ಕೂಪದ ಬಾಯಿ ಕಟ್ಟುವುದನ್ನೇ ತಡೆಯುವ ರೆಟಿನಾಯ್ಡ್ ವರ್ಗದ ಔಷಧ, 2016ರಿಂದ ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ, ಇತರ ಹಲವೆಡೆ ಚೀಟಿ ಬೇಕಾಗುತ್ತದೆ. ಇನ್ನೊಂದು, ಸೂಕ್ಷ್ಮಾಣುಗಳನ್ನು ಕೊಲ್ಲುವ ಬೆನ್ಝಾಯಿಲ್ ಪೆರಾಕ್ಸೈಡ್. ಇದರಲ್ಲಿ 2.5 ಶೇಕಡಾದ್ದನ್ನೇ ಆರಿಸಿಕೊಳ್ಳಿ. 10 ಶೇಕಡಾದ್ದು ಹೆಚ್ಚು ಉರಿಸುತ್ತದೆಯೇ ವಿನಾ ಗುಣದಲ್ಲಿ ಅಷ್ಟೇನೂ ಮುಂದಿಲ್ಲ. ಬಣ್ಣದ ದಿಂಬಿನ ಹೊದಿಕೆ, ಟವೆಲ್, ಅಂಗಿಯ ಕೊರಳಪಟ್ಟಿ ಎಲ್ಲವನ್ನೂ ಇದು ಬಿಳಿಚಿಸುವುದರಿಂದ ಬಿಳಿಯ ಬಟ್ಟೆಗಳನ್ನೇ ಬಳಸಿ. ಎರಡನ್ನೂ ಒಂದೇ ದಿನ ಶುರು ಮಾಡದೆ, ಒಂದಕ್ಕೆ ಚರ್ಮ ಒಗ್ಗಿದ ಮೇಲೆ ಇನ್ನೊಂದನ್ನು ಸೇರಿಸಬೇಕು.

ಹಚ್ಚುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಗುಳ್ಳೆಯ ತಲೆಯ ಮೇಲೆ ಚುಕ್ಕೆಯಿಡುವುದರಿಂದ ಆ ಒಂದು ಗುಳ್ಳೆ ಒಣಗಬಹುದೇನೋ, ಪಕ್ಕದಲ್ಲಿ ಕಾಣದಂತೆ ಬೆಳೆಯುತ್ತಿರುವ ಹತ್ತು ಹಾಗೇ ಉಳಿಯುತ್ತವೆ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗುವವರೆಗೆ ಕಾದು, ಬಟಾಣಿ ಕಾಳಿನಷ್ಟು ಅಡಾಪಲೀನನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದಕ್ಕೆ ಒಂದೊಂದು ಬೊಟ್ಟಿಟ್ಟು, ಮೊಡವೆ ಬರುವ ಇಡೀ ಜಾಗಕ್ಕೆ ತೆಳ್ಳಗೆ ಸವರಬೇಕು. ಕಣ್ಣಿನ ಸುತ್ತ, ಮೂಗಿನ ಸಂದು, ತುಟಿಯ ಕೊನೆ ಬಿಡಬೇಕು. ಮೊದಲ ಎರಡು ವಾರ ಎರಡು ರಾತ್ರಿಗೊಮ್ಮೆ ಹಚ್ಚಿ, ಉರಿ ಇಲ್ಲದಿದ್ದರೆ ದಿನವೂ ಹಚ್ಚಬಹುದು. ಚರ್ಮ ಸಿಪ್ಪೆ ಎದ್ದರೆ ಕೆಳಗೊಂದು ಪದರ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ.

ಆಮೇಲಿನ ಕಷ್ಟದ ಕೆಲಸ ಕಾಯುವುದು. ಕೆಲವರಿಗೆ ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ಕಾಣುತ್ತದೆ, ಆ ಹೊತ್ತಿಗೇ ಬಹಳ ಮಂದಿ ಔಷಧ ಬಿಟ್ಟುಬಿಡುತ್ತಾರೆ. ಎಂಟರಿಂದ ಹನ್ನೆರಡು ವಾರ ಬಿಡದೆ ಬಳಸಿದ ಮೇಲಷ್ಟೇ ಫಲವನ್ನು ತೂಗಿ ನೋಡಬಹುದು. ದಿನವೂ ಕನ್ನಡಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿಗೆ ಫೋಟೊ ತೆಗೆದಿಡಿ.

ಆದರೆ ಹನ್ನೆರಡು ವಾರ ಕಾಯಬಾರದ ಸಂದರ್ಭಗಳೂ ಇವೆ. ಒಳಗೆ ಗಟ್ಟಿಯಾಗಿ ನೋಯುವ ಗಂಟುಗಳಿದ್ದರೆ, ವಾಸಿಯಾದ ಜಾಗದಲ್ಲಿ ಗುಳಿ ಬೀಳುತ್ತಿದ್ದರೆ, ಮೊಡವೆಯಿಂದಾಗಿ ಜನರ ಮುಂದೆ ಹೋಗಲೂ ಮನಸ್ಸಾಗದಿದ್ದರೆ ಮೊದಲೇ ಚರ್ಮವೈದ್ಯರನ್ನು ಕಾಣಿ. ಕೀವುಗಟ್ಟಿ ಹುಣ್ಣಾಗುವ ಮೊಡವೆಯೊಂದಿಗೆ ಜ್ವರ, ಕೀಲುನೋವು ಬಂದರೆ ಅದು ತುರ್ತು. ಮುಟ್ಟು ತಪ್ಪುವುದು, ಗದ್ದ ಮೀಸೆಯ ಜಾಗದಲ್ಲಿ ದಪ್ಪ ಕೂದಲು, ನೆತ್ತಿಯ ಕೂದಲು ತೆಳುವಾಗುವುದು ಜೊತೆಗಿದ್ದರೆ ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನುಗಳ ಏರುಪೇರಿನ ತೊಂದರೆ) ಮುಂತಾದವುಗಳ ಪರೀಕ್ಷೆ ಬೇಕು. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದನ್ನು ತಿಳಿಸಿ, ಏಕೆಂದರೆ ಅದು ಹಾರ್ಮೋನ್ ಪರೀಕ್ಷೆಯ ಫಲಿತಾಂಶವನ್ನೇ ಬದಲಿಸುತ್ತದೆ. ಕೆಲವೇ ತಿಂಗಳಲ್ಲಿ ಇವೆಲ್ಲ ಒಟ್ಟಿಗೆ ಬಂದು ದನಿಯೂ ಗಡಸಾದರೆ ತಡಮಾಡಲೇಬಾರದು.

ವೈದ್ಯರು ಕೊಡುವ ಚಿಕಿತ್ಸೆಯ ಬಗ್ಗೆ ಮೊದಲೇ ತಿಳಿದಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ಅನ್ನು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ಮೀರದಂತೆ, ಹಚ್ಚುವ ಔಷಧದೊಂದಿಗೇ ಕೊಡಬೇಕು. ಹಚ್ಚುವ ಕ್ಲಿಂಡಮೈಸಿನ್ ಒಂದನ್ನೇ ತಿಂಗಳುಗಟ್ಟಲೆ ಬಳಸಿದರೆ ಸೂಕ್ಷ್ಮಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಮುಟ್ಟಿನ ಮುಂಚೆ ಗದ್ದ ದವಡೆಗಳಲ್ಲಿ ಕೆರಳುವ ಮೊಡವೆಗೆ ಎರಡು ಹಾರ್ಮೋನುಗಳ ಗರ್ಭನಿರೋಧಕ ಮಾತ್ರೆಯನ್ನೋ ಆಂಡ್ರೊಜೆನ್ ಎಂಬ ಪುರುಷ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನನ್ನೋ ಹೆಂಗಸರಿಗೆ ಕೊಡುತ್ತಾರೆ, ಎರಡಕ್ಕೂ ತಿಂಗಳುಗಳೇ ಬೇಕು. ಗುಳಿ ಬೀಳಿಸುವ ಹಠಮಾರಿ ಮೊಡವೆಗೆ ಐಸೊಟ್ರೆಟಿನಾಯಿನ್ ಇದೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದರಷ್ಟು ಪರಿಣಾಮಕಾರಿ ಔಷಧ ಇನ್ನೊಂದಿಲ್ಲವೆಂದೇ ಹೇಳಬೇಕು, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಇದು ಗಂಭೀರ ಊನ ತರುತ್ತದೆ. ನುಂಗುವ ಒಂದು ತಿಂಗಳು ಮೊದಲಿನಿಂದ ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ನಿಲ್ಲದಂತೆ ಖಚಿತವಾಗಿ ನೋಡಿಕೊಳ್ಳಬೇಕು, ಆ ಅವಧಿಯಲ್ಲಿ ಯಾರೂ ರಕ್ತದಾನ ಮಾಡಬಾರದು, ಡಾಕ್ಸಿಸೈಕ್ಲಿನ್ ಅಥವಾ ವಿಟಮಿನ್ ಎ ಮಾತ್ರೆಯನ್ನು ಇದರ ಜೊತೆ ನುಂಗಬಾರದು. ಯಕೃತ್ತು ಮತ್ತು ಕೊಬ್ಬಿನಂಶದ ರಕ್ತಪರೀಕ್ಷೆಯೂ ಬೇಕಾಗುತ್ತದೆ. ಗರ್ಭಿಣಿಯರು ಅಥವಾ ಗರ್ಭ ಬಯಸುತ್ತಿರುವವರು ರೆಟಿನಾಯ್ಡ್, ಡಾಕ್ಸಿಸೈಕ್ಲಿನ್, ಸ್ಪೈರೊನೊಲ್ಯಾಕ್ಟೋನ್ ಯಾವುದನ್ನೂ ಮುಟ್ಟದೆ, ಅಜೆಲಾಯಿಕ್ ಆಮ್ಲದಂಥ ಸುರಕ್ಷಿತ ಔಷಧವನ್ನು ವೈದ್ಯರಲ್ಲಿ ಕೇಳಬೇಕು.

ಮೊಡವೆ ಇಳಿದ ಮೇಲೆ ಉಳಿಯುವ ಕಂದು ಕಲೆ ಹೆಚ್ಚಾಗಿ ಗಾಯದ ಗುರುತಲ್ಲ, ಉರಿಯೂತ ಬಿಟ್ಟುಹೋದ ವರ್ಣ. ಕಂದು ಚರ್ಮದವರಲ್ಲಿ ಇದು ಎದ್ದು ಕಾಣುತ್ತದೆ, ಬಿಸಿಲು ತಾಗದಂತೆ ನೋಡಿಕೊಂಡರೆ ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಚಿವುಟಿದ ಗುಳ್ಳೆಯ ಗುಳಿ ಮಾತ್ರ ಹಾಗೆ ಮಾಸುವುದಿಲ್ಲ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು, ಅದನ್ನು ಮೊಡವೆ ಪೂರ್ತಿ ಹತೋಟಿಗೆ ಬಂದ ಮೇಲೆ ಮಾಡಿಸುವುದೇ ಒಳ್ಳೆಯದು. ಮುಖ ತಿಳಿಯಾಯಿತೆಂದು ಅಡಾಪಲೀನನ್ನು ಆ ವಾರವೇ ಎತ್ತಿಡಬೇಡಿ. ಕಾಣದ ಕೂಪಗಳು ಮತ್ತೆ ಕಟ್ಟದಿರಲು ಇನ್ನೂ ಹಲವು ತಿಂಗಳು ಅದನ್ನು ಮುಂದುವರಿಸಿ, ಯಾವಾಗ ಕಡಿಮೆ ಮಾಡಬೇಕೆಂಬುದನ್ನು ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಿ.