ಆರರಿಂದ ಎಂಟನೆಯ ತರಗತಿ: ಮಕ್ಕಳ ಆಸಕ್ತಿಗೆ ದಾರಿ ಬಿಡುವುದು ಹೇಗೆ?

ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಆರಿಸಿಕೊಳ್ಳುವ ಹೊತ್ತಿಗೆ ತನಗೆ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂಬುದು ಮಗುವಿಗೆ ತುಸುವಾದರೂ ತಿಳಿದಿರಬೇಕಾದರೆ, ಆರರಿಂದ ಎಂಟನೆಯ ತರಗತಿಯವರೆಗಿನ ಮೂರು ವರ್ಷಗಳಲ್ಲಿ ನಾಲ್ಕಾರು ವಿಷಯಗಳ ರುಚಿ ನೋಡಲು ಅದಕ್ಕೆ ಅವಕಾಶ ಸಿಗಬೇಕು. ಎಂಜಿನಿಯರಿಂಗ್ ಸೀಟಿಗೆ ಪಿಯುಸಿ ಮತ್ತು ಸಿಇಟಿ ಅಂಕಗಳನ್ನು ಸಮಪಾಲಾಗಿ ಹಿಡಿದು ರ್‍ಯಾಂಕ್ ಕೊಡುವುದರಿಂದ, ಏಳನೆಯ ತರಗತಿಯಲ್ಲಿ ಗಳಿಸಿದ ಪ್ರಮಾಣಪತ್ರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಆಸೆಯನ್ನು ಪಾಲಕರು ಮೊದಲೇ ಕೈಬಿಡುವುದು ಲೇಸು.

ಮೊದಲ ಹೆಜ್ಜೆಯಾಗಿ ಬಸ್ಸಿನ ವೇಳೆ ನೋಡಿಕೊಳ್ಳಿ. ಶಿರಸಿ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಸಂಜೆಯ ಬಸ್ಸು ತಪ್ಪಿಸುವ ಯಾವ ತರಬೇತಿಯೂ ಬಹುದಿನ ನಡೆಯದು. ಹಾಗಾಗಿ ಶಾಲೆಯಲ್ಲೇ ಸಿಗುವ ಪ್ರತಿಭಾ ಕಾರಂಜಿ, ಸ್ಕೌಟ್ಸ್-ಗೈಡ್ಸ್, ಆಯ್ಕೆಯಾದ ವಿಜ್ಞಾನ ಮಾದರಿಗೆ 10,000 ರೂಪಾಯಿ ಕೊಡುವ ಇನ್‌ಸ್ಪೈರ್ ಮಾನಕ್ ಯೋಜನೆ, ಪಂಚಾಯಿತಿ ಗ್ರಂಥಾಲಯ ಇವುಗಳಿಂದ ಆರಂಭಿಸಿ.

ಬಳಿಕ ಮಳೆಯನ್ನು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಕ್ಷಗಾನದ ಹೆಜ್ಜೆ, ಸಂಗೀತ, ಚದುರಂಗ, ಚಿತ್ರಕಲೆಯಂಥ ಒಳಗೆ ಕುಳಿತೋ ಕುಣಿದೋ ಕಲಿಯುವಂಥದ್ದು ಇರಲಿ. ದಸರಾ ರಜೆಯ ನಂತರ ಹೊರಗಿನದು. ಸೋಂದೆಯ ಮುಂಡಿಗೆಕೆರೆಯಲ್ಲಿ ಹಕ್ಕಿಗಳನ್ನು ಗುರುತಿಸುವುದು, ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಚಿಪ್ಪಿ ಆರಿಸುವವರ ಜೊತೆ ನಿಂತು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳನ್ನು ನೋಡುವುದು, ಕಾರವಾರ ಕಡಲತೀರದ ಚಾಪಲ್ ಯುದ್ಧನೌಕಾ ಸಂಗ್ರಹಾಲಯದಲ್ಲಿ ಒಂದು ದಿನ ಕಳೆಯುವುದು, ಇವುಗಳಿಗೆ ಹೆಚ್ಚು ಖರ್ಚೂ ಇಲ್ಲ. ಒಂದು ಅವಧಿಗೆ ಒಂದೇ ಸಾಕು.

ಮೂರನೆಯ ಹೆಜ್ಜೆಯೇ ಕಠಿಣವಾದದ್ದು: ಮಾತಾಡದೆ ಗಮನಿಸುವುದು. ಯಕ್ಷಗಾನ ತರಗತಿಯಿಂದ ಬಂದ ಹುಡುಗಿ ಮನೆಯಲ್ಲಿ ಒಂದು ಹೆಜ್ಜೆಯನ್ನೂ ಅಭ್ಯಾಸ ಮಾಡದೆ, ಊಟಕ್ಕೆ ಕುಳಿತಾಗಲೂ ಮಣೆಯ ಮೇಲೆ ತಾಳ ಬಡಿಯುತ್ತಿದ್ದರೆ ಅವಳನ್ನು ಸೋಮಾರಿ ಎನ್ನಬೇಡಿ. ಅವಳ ಮನಸ್ಸು ಮದ್ದಲೆಯ ಕಡೆಗಿದೆ. ಗುರುಗಳಿಗೆ ತಿಳಿಸಿ, ಹಿಮ್ಮೇಳದವರ ಪಕ್ಕ ಕೂರಿಸಿ ನೋಡಿ.

ಬಿಡುವುದಕ್ಕೂ ಒಂದು ನಿಯಮವಿರಲಿ. ಹಿಡಿದ ಅವಧಿಯನ್ನು ಮುಗಿಸಿದ ಮೇಲೆ ಬೇಡವೆನಿಸಿದರೆ ಕಾರಣ ಕೆದಕದೆ ಬಿಡಲು ಒಪ್ಪಿ. ಅಲ್ಲಿಯವರೆಗೆ ಕೀಬೋರ್ಡ್, ಕ್ರಿಕೆಟ್ ಕಿಟ್ ಕೊಳ್ಳದೆ ಎರವಲು ತಂದು ನಿಭಾಯಿಸಿದರೆ, “ಇಷ್ಟು ಹಣ ಸುರಿದೆವಲ್ಲ” ಎಂಬ ಮಾತು ಮಗುವಿನ ಕಿವಿಗೆ ಬೀಳುವುದು ತಪ್ಪುತ್ತದೆ.

ಒಂಬತ್ತನೆಯ ತರಗತಿಗೆ ಬಂದಾಗ ಉಳಿದದ್ದು ಯಾವುದೆಂದು ಮಗುವಿನಿಂದಲೇ ಕೇಳಿ ತಿಳಿಯಿರಿ. ಗಿಡಮರವಾದರೆ ಶಿರಸಿಯ ಅರಣ್ಯ ಮಹಾವಿದ್ಯಾಲಯ, ಕಡಲ ಜೀವಿಗಳಾದರೆ ಕಾರವಾರದ ಕೋಡಿಬಾಗದಲ್ಲಿರುವ ಕಡಲ ಜೀವಶಾಸ್ತ್ರ ವಿಭಾಗ. ಮೊದಲೇ ಅನುಮತಿ ಕೇಳಿ ಕರೆದೊಯ್ದು, ಪ್ರಶ್ನೆಗಳನ್ನು ಮಗುವೇ ಕೇಳಲಿ.